ಮಾಹಿಮ್‌ನ ಕಸದ ಮೇಲೊಂದು ಕಾಡು, ದೇವನಾರ್‌ನ ಕಸದ ಮೇಲೊಂದು ಊರು

ಮುಂಬೈಯ ಬಾಂದ್ರಾ–ಸಯನ್ ಲಿಂಕ್ ರಸ್ತೆಯಲ್ಲಿ, ಧಾರಾವಿ ಬಸ್ ಡಿಪೋಗೆ ಸಮೀಪದಲ್ಲಿ, ಮಿಠಿ ನದಿಯ ದಕ್ಷಿಣ ದಂಡೆಯ ಮೇಲೆ 37 ಎಕರೆಯ ಒಂದು ಕಾಡಿದೆ. ದಾಖಲೆಗಳಲ್ಲಿ ಅದರ ಹೆಸರು ಮಹಾರಾಷ್ಟ್ರ ನೇಚರ್ ಪಾರ್ಕ್. ಜನರ ಬಾಯಲ್ಲಿ ಮಾಹಿಮ್ ನೇಚರ್ ಪಾರ್ಕ್. ಒಂದು ಮಗ್ಗುಲಲ್ಲಿ ಧಾರಾವಿಯ ಇಕ್ಕಟ್ಟಿನ ಓಣಿಗಳು, ನದಿಯ ಆಚೆ ದಡದಲ್ಲಿ ಬಾಂದ್ರಾ–ಕುರ್ಲಾ ಸಂಕೀರ್ಣದ ಗಾಜಿನ ಗೋಡೆಯ ಕಚೇರಿಗಳು. ಇವೆರಡರ ನಡುವೆ ಉಳಿದಿರುವ ಈ ಹಸಿರು ತುಂಡು 1977ರವರೆಗೆ ನಗರದ ಕಸವನ್ನು ತಂದು ಸುರಿಯುತ್ತಿದ್ದ ಮೈದಾನವಾಗಿತ್ತು. ಇಂದು ಅಲ್ಲಿ ಸಾವಿರಾರು ಮರಗಳಿವೆ, ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ, ಚಿಟ್ಟೆಗಳ ಪಟ್ಟಿ ಎಂಬತ್ತರ ಆಸುಪಾಸಿಗೆ ಬಂದು ನಿಂತಿದೆ.

ಕಸದ ಗುಡ್ಡಗಳನ್ನು ಏನು ಮಾಡಬೇಕೆಂಬ ಚರ್ಚೆ ನಮ್ಮ ನಗರಗಳಲ್ಲಿ ಎದ್ದಾಗಲೆಲ್ಲ ಇಂಥ ಉದ್ಯಾನಗಳ ಚಿತ್ರಗಳನ್ನು ಮುಂದಿಡುವುದು ವಾಡಿಕೆಯಾಗಿದೆ. ಗುಡ್ಡವನ್ನು ಕರಗಿಸಿ, ಮಣ್ಣು ಹೊದಿಸಿ, ಸಸಿ ನೆಟ್ಟರೆ ಹತ್ತಾರು ವರ್ಷಗಳ ಪಾಪ ತೊಳೆದುಹೋಗುತ್ತದೆಂಬ ಭರವಸೆ ಆ ಚಿತ್ರಗಳ ಹಿಂದೆ ಇರುತ್ತದೆ. ಮಾಹಿಮ್‌ನ ಉದಾಹರಣೆ ಸುಳ್ಳಲ್ಲ. ಆದರೆ ಅದರಿಂದ ಎಳೆಯುತ್ತಿರುವ ತೀರ್ಮಾನ ಬಹುಮಟ್ಟಿಗೆ ತಪ್ಪು. ಅಲ್ಲಿ ಕಾಡು ಬೆಳೆಯುವುದಕ್ಕೆ ಕಾರಣವಾದದ್ದು ಆ ಕಾಲದ ಕಸದ ಗುಣ, ಹದಿನೇಳು ವರ್ಷಗಳ ಕಾಲಾವಕಾಶ ಮತ್ತು ಆ ನೆಲವನ್ನು ಹೆಚ್ಚು ಲಾಭದ ಬಳಕೆಗೆ ಕೊಡದೆ ಬಿಟ್ಟುಕೊಟ್ಟ ಒಂದು ಆಡಳಿತ ನಿರ್ಧಾರ. ಈಗಿನ ಕಾರ್ಯಕ್ರಮಗಳಲ್ಲಿ ಈ ಮೂರರಲ್ಲಿ ಒಂದಾದರೂ ಇದೆಯೇ ಎಂದು ನೋಡದೆ ಮಾಹಿಮ್‌ನ ಹೆಸರು ಹೇಳುವುದು ಸರಿಯಲ್ಲ.

ಮೊದಲಿಗೆ ಆ ನೆಲದ ಪೂರ್ವಚರಿತ್ರೆ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟುವ ಮಿಠಿ ನದಿ ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಖಾರಿಯಲ್ಲಿ, ಅಂದರೆ ಕಡಲ ನೀರು ಒಳನುಗ್ಗುವ ಅಳಿವೆಯಲ್ಲಿ, ಅರಬ್ಬಿ ಸಮುದ್ರವನ್ನು ಸೇರುತ್ತದೆ. ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಅದು ಉಬ್ಬರ ಇಳಿತದ ನೀರಿಗೆ ಒಳಪಡುವ ಕೆಸರು ನೆಲ. ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಮ್ಯಾಂಗ್ರೋವ್ ಸಸ್ಯಗಳ ಜಾಗ. ಹೀಗಾಗಿ ಮಾಹಿಮ್‌ನಲ್ಲಿ ಕಸ ಬಿದ್ದದ್ದು ಬರಡು ಭೂಮಿಯ ಮೇಲಲ್ಲ, ಜೀವಂತವಾದ ಖಾರಿಯ ಅಂಚಿನ ಮೇಲೆ. ಸರ್ಕಾರಿ ಭಾಷೆಯಲ್ಲಿ ನೀರು ನಿಲ್ಲುವ ನೆಲಕ್ಕೂ ಉಪಯೋಗವಿಲ್ಲದ ನೆಲಕ್ಕೂ ವ್ಯತ್ಯಾಸವಿರಲಿಲ್ಲ. ಎರಡನ್ನೂ ತುಂಬಿಸಬೇಕಾದ ಗುಂಡಿಗಳೆಂದೇ ಎಣಿಸಲಾಗುತ್ತಿತ್ತು. ನಗರದ ಕಸವೇ ಆ ಕೆಸರನ್ನು ಗಟ್ಟಿ ನೆಲವನ್ನಾಗಿ ಮಾಡಿತು. ಈ ಅರ್ಥದಲ್ಲಿ ಉದ್ಯಾನವು ಕಳೆದುಹೋದ ಪ್ರಕೃತಿಯನ್ನು ಮರಳಿ ತಂದಿಲ್ಲ. ಒಂದು ಬಗೆಯ ಪ್ರಕೃತಿ ನಾಶವಾದ ಜಾಗದಲ್ಲಿ ಮತ್ತೊಂದು ಬಗೆಯದನ್ನು ಕಟ್ಟಿದೆ. ಖಾರಿಯ ಏಡಿ, ಮೀನು, ಕೆಸರಿನ ಹಕ್ಕಿಗಳ ಜಾಗದಲ್ಲಿ ಈಗ ಇರುವುದು ಒಣನೆಲದ ಮರಗಳು. ನಾಶಕ್ಕೆ ಇದೇನೂ ಸಣ್ಣ ಪರಿಹಾರವಲ್ಲ, ಆದರೂ ಲೆಕ್ಕ ಬರೆಯುವಾಗ ಎರಡೂ ಕಲಮುಗಳಿರಬೇಕು.

ಕಸ ಸುರಿಯುವುದು ನಿಂತ ಮೇಲೆ ಆ ಜಾಗವನ್ನು ನಿಸರ್ಗ ಶಿಕ್ಷಣದ ಉದ್ಯಾನವನ್ನಾಗಿ ಮಾಡಬೇಕೆಂಬ ಪ್ರಸ್ತಾವವನ್ನು ಮುಂದಿಟ್ಟವರು ನಿಸರ್ಗ ಸಂರಕ್ಷಣೆಯ ಕೆಲಸ ಮಾಡುವ ಡಬ್ಲ್ಯೂಡಬ್ಲ್ಯೂಎಫ್–ಇಂಡಿಯಾ ಸಂಸ್ಥೆಯವರು. ಅದನ್ನು ಕೈಗೆತ್ತಿಕೊಂಡದ್ದು 1975ರಲ್ಲಿ ಸ್ಥಾಪನೆಯಾಗಿದ್ದ ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. 1983ರಲ್ಲಿ ಪಕ್ಷಿತಜ್ಞ ಸಾಲಿಂ ಅಲಿ ಅವರು ಮೊದಲ ಸಸಿಯನ್ನು ನೆಟ್ಟರು. ಉದ್ಯಾನವು ಸಾರ್ವಜನಿಕರಿಗೆ ತೆರೆದದ್ದು 1994ರ ಏಪ್ರಿಲ್ 22ರಂದು, ಭೂಮಿ ದಿನದಂದು. ಅಷ್ಟರೊಳಗೆ ಸಾಲಿಂ ಅಲಿ ತೀರಿಕೊಂಡು ಏಳು ವರ್ಷಗಳಾಗುತ್ತ ಬಂದಿದ್ದವು. ಮಳೆನೀರು ಹಿಡಿದಿಡುವ ಕೊಳ, ಮಕ್ಕಳಿಗೆ ಪಾಠ ಹೇಳುವ ಕೇಂದ್ರ, ಸಸ್ಯಗಳ ಹೆಸರು ಹೊತ್ತ ಹಲಗೆಗಳು, ನಡೆಯುವ ದಾರಿಗಳು ಎಲ್ಲವೂ ನಿಧಾನವಾಗಿ ಸೇರಿಕೊಂಡವು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇಸವಿಗಳ ನಡುವಿನ ಅಂತರ. ಕೊನೆಯ ಲಾರಿ ಕಸ ಸುರಿದು ಹೋದದ್ದಕ್ಕೂ ಮೊದಲ ಸಸಿಗೂ ನಡುವೆ ಆರು ವರ್ಷ, ಸಸಿಗೂ ಬಾಗಿಲು ತೆರೆದದ್ದಕ್ಕೂ ನಡುವೆ ಹನ್ನೊಂದು ವರ್ಷ. ಈ ಹದಿನೇಳು ವರ್ಷಗಳಲ್ಲಿ ಯಾವ ಮಂತ್ರಿಯೂ ಒಂದೇ ಅಧಿಕಾರಾವಧಿಯಲ್ಲಿ ಶಂಕುಸ್ಥಾಪನೆ ಮತ್ತು ಉದ್ಘಾಟನೆ ಎರಡನ್ನೂ ಮಾಡುವಂತಿರಲಿಲ್ಲ.

ಆ ಅಂತರದಲ್ಲಿ ನೆಲದೊಳಗೆ ನಡೆಯುತ್ತಿದ್ದುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಒದ್ದೆ ಕಸವನ್ನು ಎತ್ತರಕ್ಕೆ ಪೇರಿಸಿದಾಗ ಒಳಗೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದ ಕಡೆ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್‌ಗಳನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಹೊರಬಿಡುತ್ತವೆ. ರಾಶಿಯ ಒಡಲು ಬಿಸಿಯಾಗುತ್ತದೆ. ಮೇಲೆ ಬಿದ್ದ ಮಳೆನೀರು ಕಸದೊಳಗೆ ಇಳಿದು, ಲೋಹಗಳನ್ನೂ ಲವಣಗಳನ್ನೂ ಕೊಳೆತ ರಸವನ್ನೂ ಕರಗಿಸಿಕೊಂಡು ಕಪ್ಪು ನೀರಾಗಿ ತಳದಿಂದ ಹೊರಡುತ್ತದೆ. ಲೀಚೇಟ್ ಎನ್ನುವುದು ಇದನ್ನೇ. ಇಂಥ ರಾಶಿಯ ಮೇಲೆ ಸಸಿ ನೆಟ್ಟರೆ ಅದು ಸಾಯುವುದು ಸಾಮಾನ್ಯವಾಗಿ ನೀರು ಸಾಲದೆಯಲ್ಲ, ಬೇರಿಗೆ ಉಸಿರು ಸಿಗದೆ. ಮಣ್ಣಿನ ಸಂದುಗಳಲ್ಲಿ ಇರಬೇಕಾದ ಆಮ್ಲಜನಕವನ್ನು ಕೆಳಗಿನಿಂದ ಏರಿ ಬರುವ ಅನಿಲ ತಳ್ಳಿಹಾಕಿರುತ್ತದೆ. ಬೇರು ಆಳಕ್ಕಿಳಿಯಲು ಹೆದರಿ ಮೇಲ್ಪದರದಲ್ಲೇ ಅಡ್ಡಡ್ಡ ಹರಡುತ್ತದೆ. ಅಂಥ ಮರ ನೋಡಲು ಸೊಂಪಾಗಿದ್ದರೂ ಮಳೆಗಾಲದ ಗಾಳಿಗೆ ಬುಡಸಮೇತ ಉರುಳುವ ಸಂಭವ ಹೆಚ್ಚು. ಜತೆಗೆ ಕಸ ಕೊಳೆಯುತ್ತ ಕುಗ್ಗುವುದರಿಂದ ನೆಲ ಅಲ್ಲಲ್ಲಿ ಕುಸಿಯುತ್ತದೆ. ಇವತ್ತು ಸಮತಟ್ಟಾಗಿ ಮಾಡಿದ ದಾರಿ ಎರಡು ಮಳೆಗಾಲ ಕಳೆದಾಗ ಹಳ್ಳ ಬಿದ್ದಿರುತ್ತದೆ.

ಕಾಲ ಕಳೆದಂತೆ ಅನಿಲದ ಒತ್ತಡ ತಗ್ಗುತ್ತದೆ, ಬಿಸಿ ಇಳಿಯುತ್ತದೆ. ಆಗ ಮೊದಲು ಬರುವವು ಯಾರೂ ನೆಡದ ಗಿಡಗಳು. ಎಕ್ಕ, ಔಡಲ, ಲಂಟಾನ, ಹುಲ್ಲುಗಳು ತಿಪ್ಪೆಯ ಮೇಲೂ ಎದ್ದು ನಿಲ್ಲುತ್ತವೆ. ನಾವು ಕಳೆ ಎಂದು ಕಿತ್ತೆಸೆಯುವ ಈ ಗಿಡಗಳಿಗೂ ಉದ್ಯಾನಗಳ ಚಿಟ್ಟೆಗಳ ಪಟ್ಟಿಗೂ ನೇರ ಸಂಬಂಧವಿದೆ. ಚಿಟ್ಟೆ ಹೂವಿನ ಮೇಲೆ ಕೂರುವುದನ್ನು ಎಲ್ಲರೂ ನೋಡುತ್ತಾರೆ, ಆದರೆ ಅದು ಒಂದು ಜಾಗದಲ್ಲಿ ನೆಲೆಸುವುದು ಅದರ ಮರಿಹುಳು ತಿನ್ನುವ ಎಲೆ ಅಲ್ಲಿದ್ದರೆ ಮಾತ್ರ. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಪಟ್ಟೆಪಟ್ಟೆಯ ಮರಿಹುಳು ಎಕ್ಕದ ವಿಷದ ಹಾಲನ್ನೇ ಉಂಡು ತನ್ನ ಮೈಯನ್ನು ಹಕ್ಕಿಗಳಿಗೆ ಕಹಿಯಾಗಿಸಿಕೊಳ್ಳುತ್ತದೆ. ಕಾಮನ್ ಕ್ಯಾಸ್ಟರ್ ಎಂಬ ಕಂದು ಚಿಟ್ಟೆಯ ಮರಿಹುಳುವಿಗೆ ಔಡಲದ ಎಲೆ ಬೇಕು. ಕರಿಬೇವು, ನಿಂಬೆ ಇದ್ದಲ್ಲಿಗೆ ಕಾಮನ್ ಮಾರ್ಮನ್ ಬರುತ್ತದೆ. ಹುಲ್ಲುಹಾಸು ಮತ್ತು ಅಲಂಕಾರದ ಗಿಡಗಳನ್ನಷ್ಟೇ ಇಟ್ಟು ಔಡಲ, ಎಕ್ಕಗಳನ್ನು ಕಿತ್ತು ಹಾಕುವ ಪಾಲಿಕೆ ಪಾರ್ಕುಗಳಲ್ಲಿ ಚಿಟ್ಟೆ ಕಡಿಮೆಯಿರುವುದರ ಕಾರಣವೂ ಇದೇ. ನಿಸರ್ಗ ಉದ್ಯಾನ ಎಂಬ ಹೆಸರಿಗೆ ಅರ್ಥ ಬರುವುದು ಒಣಗಿದ ಕೊಂಬೆಯನ್ನೂ ಉದುರಿದ ಎಲೆಯನ್ನೂ ಗುಡಿಸದೆ ಬಿಡುವ ಧೈರ್ಯ ಆಡಳಿತಕ್ಕೆ ಇದ್ದಾಗ.

ಇಲ್ಲಿ ಕಸದ ಗುಣದ ಮಾತು ಬರಬೇಕು. 1960–70ರ ದಶಕಗಳಲ್ಲಿ ಭಾರತದ ನಗರಗಳ ಕಸವೆಂದರೆ ಅಡುಗೆಮನೆಯ ಉಳಿಕೆ, ಒಲೆಯ ಬೂದಿ, ಬೀದಿ ಗುಡಿಸಿದ ಮಣ್ಣು. ಪ್ಲಾಸ್ಟಿಕ್‌ನ ಪಾಲು ತೀರಾ ಕಡಿಮೆ. ಗಾಜು, ಕಬ್ಬಿಣ, ಕಾಗದಗಳನ್ನು ಚಿಂದಿ ಆಯುವವರು ಮೊದಲೇ ಎತ್ತಿಕೊಂಡಿರುತ್ತಿದ್ದರು. ಅದರಲ್ಲೂ ಮಾಹಿಮ್‌ನ ಪಕ್ಕದಲ್ಲಿದ್ದದ್ದು ಧಾರಾವಿ. ಅಲ್ಲಿನ 13ನೇ ಕಾಂಪೌಂಡ್ ಎಂಬ ಭಾಗ ಇವತ್ತಿಗೂ ಮುಂಬೈಯ ಪ್ಲಾಸ್ಟಿಕ್, ಡಬ್ಬ, ರಟ್ಟುಗಳನ್ನು ಬೇರ್ಪಡಿಸಿ ಮರುಬಳಕೆಗೆ ಒದಗಿಸುವ ದೊಡ್ಡ ಕೇಂದ್ರ. ಹಾಗಾಗಿ 1977ರಲ್ಲಿ ಮಾಹಿಮ್‌ನಲ್ಲಿ ಉಳಿದಿದ್ದ ರಾಶಿಯ ಬಹುಪಾಲು ಕಾಲಕ್ರಮದಲ್ಲಿ ಮಣ್ಣಾಗಬಲ್ಲ ವಸ್ತು. ಈಗಿನ ಗುಡ್ಡಗಳಲ್ಲಿ ತೆಳುವಾದ ಕೈಚೀಲಗಳು, ಶಾಂಪೂ ಸ್ಯಾಷೆಗಳು, ಬಹುಪದರದ ತಿಂಡಿ ಪೊಟ್ಟಣಗಳು, ಡಯಾಪರ್‌ಗಳು, ಥರ್ಮೋಕೋಲ್, ಬ್ಯಾಟರಿ, ಟ್ಯೂಬ್‌ಲೈಟ್ ಚೂರುಗಳು ಪದರಪದರವಾಗಿ ಕೂತಿವೆ. ಇವು ಹದಿನೇಳಲ್ಲ, ನೂರ ಎಪ್ಪತ್ತು ವರ್ಷ ಬಿಟ್ಟರೂ ಮಣ್ಣಾಗುವುದಿಲ್ಲ. ಪ್ಲಾಸ್ಟಿಕ್ ಪದರಗಳು ನೀರು ಇಳಿಯುವುದನ್ನೂ ಬೇರು ಇಳಿಯುವುದನ್ನೂ ತಡೆಯುತ್ತವೆ. ಮಾಹಿಮ್‌ನಲ್ಲಿ ಕಾಲ ಮಾಡಿದ ಕೆಲಸವನ್ನು ಇಲ್ಲಿ ಯಂತ್ರವೇ ಮಾಡಬೇಕು.

ಯಂತ್ರಕ್ಕೆ ಎರಡು ದಾರಿಗಳಿವೆ. ಒಂದು, ಕಸವನ್ನು ಇದ್ದಲ್ಲೇ ಬಿಟ್ಟು ಮುಚ್ಚುವುದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಈ ಹೊದಿಕೆಯ ಅಳತೆಗಳನ್ನು ಕೊಟ್ಟಿದ್ದವು: ನೀರು ಇಳಿಯದಂಥ 60 ಸೆಂಟಿಮೀಟರ್ ಜೇಡಿಮಣ್ಣಿನ ಪದರ, ಅದರ ಮೇಲೆ ನೀರು ಹರಿದುಹೋಗಲು 15 ಸೆಂಟಿಮೀಟರ್ ಪದರ, ಅದರ ಮೇಲೆ ಗಿಡ ಬೆಳೆಯಲು 45 ಸೆಂಟಿಮೀಟರ್ ಮಣ್ಣು. ಒಂದೂವರೆ ಅಡಿ ಮಣ್ಣಿನಲ್ಲಿ ಹುಲ್ಲು, ಪೊದೆ ಬೆಳೆಯುತ್ತದೆ. ದೊಡ್ಡ ಮರ ಅಲ್ಲಿ ಕುಂಡದ ಗಿಡದಂತೆ ಬದುಕಬೇಕಾಗುತ್ತದೆ, ಅಥವಾ ಬೇರನ್ನು ಕೆಳಗಿಳಿಸಿ ಜೇಡಿಪದರವನ್ನೇ ಸೀಳಬೇಕಾಗುತ್ತದೆ. ಮುಚ್ಚಿದ ಕಸದ ಮೇಲೆ ದಟ್ಟ ಕಾಡು ಬೆಳೆಸುತ್ತೇವೆನ್ನುವ ಯೋಜನೆಯನ್ನು ಕಂಡರೆ ಈ ಅಳತೆಗಳನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಈ ದಾರಿಯಲ್ಲಿ ಹೋಗಿ ಗೆದ್ದವರು ಕಾಡಿನ ಮಾತಾಡಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದ ನಾಂಜಿದೋ ಎಂಬಲ್ಲಿ 1978ರಿಂದ 1993ರವರೆಗೆ ಸುರಿದ ಕಸ ಸುಮಾರು ನೂರು ಮೀಟರ್ ಎತ್ತರದ ಎರಡು ಗುಡ್ಡಗಳಾಗಿತ್ತು. ಅದನ್ನು ಮುಚ್ಚಿ, ಅನಿಲ ಹೀರುವ ಬಾವಿಗಳನ್ನು ಕೊರೆದು, ಲೀಚೇಟ್ ಹೊರಹೋಗದಂತೆ ಸುತ್ತ ತಡೆಗೋಡೆ ಇಳಿಸಿ 2002ರಲ್ಲಿ ವಿಶ್ವಕಪ್ ಉದ್ಯಾನವನ್ನು ತೆರೆದರು; ಗುಡ್ಡದ ನೆತ್ತಿಯ ಮೇಲಿರುವುದು ಆಳೆತ್ತರದ ಹುಲ್ಲುಗಾವಲು. ನ್ಯೂಯಾರ್ಕ್‌ನ ಫ್ರೆಶ್‌ಕಿಲ್ಸ್ 1948ರಿಂದ 2001ರವರೆಗೆ ಕಸ ನುಂಗಿದ 2,200 ಎಕರೆಯ ಜಾಗ. ಅದನ್ನು ಉದ್ಯಾನವಾಗಿಸುವ ಕೆಲಸ 2036ರ ಸುಮಾರಿಗೆ ಮುಗಿಯಬೇಕೆಂಬ ಲೆಕ್ಕಾಚಾರವಿದೆ. ಉತ್ತರ ಭಾಗದ ಮೊದಲ ಹಂತ ಜನರಿಗೆ ತೆರೆದದ್ದು 2023ರಲ್ಲಿ. ಅಲ್ಲೂ ಪ್ರಧಾನವಾಗಿರುವುದು ಹುಲ್ಲುಗಾವಲೇ, ಮತ್ತು ಹುಲ್ಲುಗಾವಲನ್ನೇ ನೆಚ್ಚುವ ಹಕ್ಕಿಗಳು.

ಇನ್ನೊಂದು ದಾರಿ ಬಯೋಮೈನಿಂಗ್. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ಇದರ ಮಾರ್ಗಸೂಚಿ ಹೊರಡಿಸಿತು, 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಎರಡನೇ ಹಂತ ಅದನ್ನು ದೇಶದಾದ್ಯಂತ ಗುರಿಯನ್ನಾಗಿ ಮಾಡಿತು. ಹಳೆಯ ರಾಶಿಯನ್ನು ಅಗೆದು ಸಾಲುಗಳಾಗಿ ಹರಡಿ, ಜೈವಿಕ ದ್ರಾವಣ ಸಿಂಪಡಿಸಿ, ಕೆಲವು ವಾರ ಮಗುಚಿ ಒಣಗಿಸಿ, ಟ್ರೊಮೆಲ್ ಎಂಬ ತಿರುಗುವ ಜರಡಿಗೆ ಹಾಕುತ್ತಾರೆ. ಉರಿಯಬಲ್ಲ ಪ್ಲಾಸ್ಟಿಕ್ ಮತ್ತು ಬಟ್ಟೆಯ ತುಂಡುಗಳು ಆರ್‌ಡಿಎಫ್ (ಕಸದಿಂದ ಮಾಡಿದ ಇಂಧನ) ಎಂಬ ಹೆಸರಿನಲ್ಲಿ ಸಿಮೆಂಟ್ ಕಾರ್ಖಾನೆಗಳ ಒಲೆಗೆ ಹೋಗುತ್ತವೆ. ಕಲ್ಲು, ಇಟ್ಟಿಗೆ ಚೂರುಗಳು ಹಳ್ಳ ತುಂಬಲು ಹೋಗುತ್ತವೆ. ಕೊನೆಯ ಸಣ್ಣ ಜರಡಿಯಿಂದ ಕಪ್ಪು ಪುಡಿಮಣ್ಣು ಉದುರುತ್ತದೆ. ಈ ಮಣ್ಣನ್ನು ಅಂಗೈಯಲ್ಲಿ ತೆಗೆದುಕೊಂಡರೆ ಒಳ್ಳೆಯ ಗೊಬ್ಬರದಂತೆಯೇ ಕಾಣುತ್ತದೆ. ಬೆರಳಲ್ಲಿ ಸವರಿದಾಗ ಗಾಜಿನ ಹರಳುಗಳು ಮಿನುಗುತ್ತವೆ, ನೈಲಾನ್ ದಾರದ ಎಳೆಗಳು ಅಂಟಿಕೊಳ್ಳುತ್ತವೆ, ಯಾವುದೋ ಪೊಟ್ಟಣದ ಬೆಳ್ಳಿ ಬಣ್ಣದ ಚೂರು ಉಗುರಿನಷ್ಟು ಉಳಿದಿರುತ್ತದೆ. ಕಣ್ಣಿಗೆ ಕಾಣದ ಸೀಸ, ಸತು, ಕ್ರೋಮಿಯಂಗಳ ಪ್ರಮಾಣವನ್ನು ಪ್ರಯೋಗಾಲಯವಷ್ಟೇ ಹೇಳಬಲ್ಲದು. ಇಡೀ ಗುಡ್ಡದ ತೂಕದಲ್ಲಿ ದೊಡ್ಡ ಪಾಲು ಈ ಪುಡಿಮಣ್ಣಿನದೇ ಆಗಿರುವುದರಿಂದ ಅದು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಬಯೋಮೈನಿಂಗ್‌ನ ಯಶಸ್ಸು ನಿಂತಿದೆ. ಗುಡ್ಡವೊಂದು ಮಾಯವಾಗಿ ಹತ್ತು ಹಳ್ಳಿಗಳ ತಗ್ಗುಗಳಲ್ಲಿ ಪರೀಕ್ಷೆಯಿಲ್ಲದ ಮಣ್ಣಾಗಿ ಹರಡಿದರೆ ಅದು ಕಸದ ವಿಲೇವಾರಿಯಲ್ಲ, ಕಸದ ವರ್ಗಾವಣೆ.

ಆದರೂ ಈ ವಿಧಾನಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು. ಇಂದೋರ್ ನಗರ 2018ರಲ್ಲಿ ದೇವಗುರಾಡಿಯಾ ಎಂಬಲ್ಲಿದ್ದ ಸುಮಾರು 13 ಲಕ್ಷ ಟನ್ ಹಳೆಯ ಕಸವನ್ನು ಹೀಗೆ ಜರಡಿ ಹಿಡಿದು ನೂರು ಎಕರೆಯಷ್ಟು ನೆಲವನ್ನು ಬಿಡಿಸಿಕೊಂಡು ಅಲ್ಲಿ ಗಿಡ ಬೆಳೆಸಿತು. ಮುಚ್ಚಿದ ಗುಡ್ಡ ದಶಕಗಳ ಕಾಲ ಅನಿಲ ಬಿಡುತ್ತ, ರಸ ಸೋರುತ್ತ ಕೂತಿರುವುದಕ್ಕಿಂತ ಇದು ಉತ್ತಮ. ನನ್ನ ಆಕ್ಷೇಪವಿರುವುದು ಎಣಿಕೆಯ ರೀತಿಯ ಬಗ್ಗೆ. ಅಭಿಯಾನದ ಲೆಕ್ಕಪಟ್ಟಿಯಲ್ಲಿ ಇಷ್ಟು ಟನ್ ಕರಗಿತು, ಇಷ್ಟು ಎಕರೆ ಮರಳಿ ಸಿಕ್ಕಿತು ಎಂಬ ಕಲಮುಗಳು ಮೇಲೆ ಬರುತ್ತವೆ. ಎಕರೆಯನ್ನು ಯಶಸ್ಸಿನ ಅಳತೆಯಾಗಿ ಇಟ್ಟೊಡನೆ ಆ ನೆಲಕ್ಕೆ ಬೆಲೆಯೊಂದು ಅಂಟಿಕೊಳ್ಳುತ್ತದೆ. ನಗರದ ಹೊರಗಿದ್ದ ಕಸದ ಮೈದಾನದವರೆಗೂ ನಗರ ಬೆಳೆದು ಬಂದಿರುತ್ತದೆ; ನಿನ್ನೆಯವರೆಗೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಜಾಗ ಇವತ್ತು ಮೆಟ್ರೊ ನಿಲ್ದಾಣಕ್ಕೆ ಹತ್ತಿರದ ನಿವೇಶನವಾಗಿ ಕಾಣತೊಡಗುತ್ತದೆ.

ಮಾಹಿಮ್‌ನ ಉದ್ಯಾನಕ್ಕೂ ಈ ಬಿಸಿ ತಟ್ಟಿದೆ. ಅದನ್ನು ನೋಡಿಕೊಳ್ಳುವ ಪ್ರಾಧಿಕಾರವೇ ನದಿಯ ಆಚೆ ದಡದ ಬಾಂದ್ರಾ–ಕುರ್ಲಾ ಸಂಕೀರ್ಣವನ್ನು ಕಟ್ಟಿಸಿ, ದೇಶದಲ್ಲೇ ಅತಿ ದುಬಾರಿ ಎನಿಸಿದ ನಿವೇಶನಗಳನ್ನು ಹಂಚುತ್ತ ಬಂದದ್ದು. ಒಂದೇ ಕಚೇರಿಯ ಒಂದು ಕಡತದಲ್ಲಿ ಜೌಗು ನೆಲ ಕೋಟಿಗಟ್ಟಲೆ ಬೆಲೆಯ ಭೂಮಿಯಾಯಿತು, ಇನ್ನೊಂದು ಕಡತದಲ್ಲಿ ಕಸದ ನೆಲ ಕಾಡಾಯಿತು. 2022ರ ನವೆಂಬರ್‌ನಲ್ಲಿ ಧಾರಾವಿ ಪುನರಭಿವೃದ್ಧಿಯ ಗುತ್ತಿಗೆ 5,069 ಕೋಟಿ ರೂಪಾಯಿಗಳ ಬಿಡ್‌ಗೆ ಅದಾನಿ ಸಮೂಹದ ಪಾಲಾದಾಗ, ಆ ಯೋಜನೆಗೆಂದು ಗುರುತಿಸಿದ ಪ್ರದೇಶದ ಗೆರೆಯೊಳಗೆ ಉದ್ಯಾನವೂ ಸೇರಿಬಿಡುವುದೇ ಎಂಬ ಆತಂಕ ಹುಟ್ಟಿತು. ವನಶಕ್ತಿ ಎಂಬ ಪರಿಸರ ಸಂಸ್ಥೆ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಉದ್ಯಾನವು ಯೋಜನೆಯ ಭಾಗವಲ್ಲವೆಂದು ಅಧಿಕಾರಿಗಳು ನ್ಯಾಯಾಲಯಕ್ಕೆ ತಿಳಿಸಿದರು. ನಲವತ್ತು ವರ್ಷ ಬೆಳೆದ ಕಾಡಿಗೆ ತಾನು ನಿವೇಶನವಲ್ಲ ಎಂದು ಪ್ರಮಾಣಪತ್ರದ ಮೂಲಕ ಹೇಳಿಸಿಕೊಳ್ಳಬೇಕಾಗಿ ಬಂದದ್ದನ್ನು ಗಮನಿಸಬೇಕು.

ಅದೇ ಧಾರಾವಿ ಯೋಜನೆಯ ಇನ್ನೊಂದು ತುದಿ ದೇವನಾರ್‌ನಲ್ಲಿದೆ. 1927ರಿಂದ ಕಸ ಬೀಳುತ್ತಿರುವ ದೇವನಾರ್ ಮೈದಾನ ದೇಶದ ಅತಿ ಹಳೆಯ ಕಸದ ಗುಡ್ಡಗಳಲ್ಲೊಂದು. 2016ರ ಜನವರಿಯಲ್ಲಿ ಅಲ್ಲಿ ಹೊತ್ತಿದ ಬೆಂಕಿಯ ಹೊಗೆ ಉಪಗ್ರಹ ಚಿತ್ರಗಳಲ್ಲೂ ಕಂಡಿತ್ತು. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಈ ಮೈದಾನದ ಸುಮಾರು 124 ಎಕರೆಯನ್ನು ಧಾರಾವಿ ಪುನರಭಿವೃದ್ಧಿಗೆ ಒದಗಿಸಲು ನಿರ್ಧರಿಸಿತು. ಧಾರಾವಿಯಲ್ಲೇ ಮನೆ ಪಡೆಯಲು ಅರ್ಹರಲ್ಲವೆಂದು ಎಣಿಸಲಾಗುವ ಕುಟುಂಬಗಳಿಗೆ ಅಲ್ಲಿ ವಸತಿ ಕಟ್ಟುವುದು ಉದ್ದೇಶ. 2025ರ ಮೇ ತಿಂಗಳಲ್ಲಿ ಮುಂಬೈ ಮಹಾನಗರಪಾಲಿಕೆ ದೇವನಾರ್‌ನ 185 ಲಕ್ಷ ಟನ್ ಕಸವನ್ನು ಮೂರು ವರ್ಷಗಳಲ್ಲಿ ತೆರವುಗೊಳಿಸಲು ಸುಮಾರು 2,368 ಕೋಟಿ ರೂಪಾಯಿಗಳ ಟೆಂಡರ್ ಕರೆಯಿತು. ಈ ಅಂಕಿಗಳನ್ನು ಭಾಗಿಸಿ ನೋಡಿದರೆ ಒಂದು ದಿನವೂ ಬಿಡುವಿಲ್ಲದೆ ದಿನಕ್ಕೆ ಹದಿನಾರು–ಹದಿನೇಳು ಸಾವಿರ ಟನ್ ಅಗೆಯಬೇಕಾಗುತ್ತದೆ. ಮುಂಬೈ ದಿನವೂ ಹೊಸದಾಗಿ ಹೊರಹಾಕುವ ಕಸ ಅದರ ಅರ್ಧಕ್ಕಿಂತ ಕಡಿಮೆ, ಸುಮಾರು ಆರೂವರೆ ಸಾವಿರ ಟನ್. ಅದನ್ನು ಸಾಗಿಸುವುದಕ್ಕೇ ನಗರ ಏದುಸಿರು ಬಿಡುತ್ತದೆ. ಮಳೆಗಾಲದ ನಾಲ್ಕು ತಿಂಗಳು ಒದ್ದೆ ಕಸ ಜರಡಿಯಲ್ಲಿ ಇಳಿಯುವುದಿಲ್ಲವಾದ್ದರಿಂದ ಉಳಿದ ತಿಂಗಳುಗಳ ಹೊರೆ ಇನ್ನೂ ಹೆಚ್ಚು.

2016ರ ನಿಯಮಗಳ ಪ್ರಕಾರ, ಮುಚ್ಚಿದ ಕಸದ ಜಾಗವನ್ನು ಜನವಸತಿಗೆ ಬಳಸುವ ಯೋಚನೆಯನ್ನು ಮಾಡುವುದಕ್ಕೂ ಮೊದಲು ಹದಿನೈದು ವರ್ಷ ಅನಿಲ ಮತ್ತು ಲೀಚೇಟ್‌ಗಳ ಮೇಲೆ ನಿಗಾ ಇಟ್ಟು, ಅವು ಮಿತಿಯೊಳಗಿವೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಮುಚ್ಚಿದ ಜಾಗದ ಗಡಿಯಿಂದ 100 ಮೀಟರ್‌ವರೆಗೆ ಮನೆ, ಶಾಲೆ, ಆಸ್ಪತ್ರೆಗಳು ಬೇಡವೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಮಾರ್ಗಸೂಚಿಯೂ ಹೇಳುತ್ತದೆ. ಕಸವನ್ನು ಸಂಪೂರ್ಣ ಅಗೆದು ತೆಗೆದ ನೆಲ ಮುಚ್ಚಿದ ಕಸದ ಜಾಗವೇ ಅಲ್ಲ, ಆದ್ದರಿಂದ ಈ ನಿರ್ಬಂಧಗಳು ತಟ್ಟುವುದಿಲ್ಲ ಎಂಬ ವಾದಕ್ಕೆ ಇಲ್ಲಿ ಅವಕಾಶವಿದೆ, ಮತ್ತು ಆ ವಾದ ಪೂರ್ತಿ ಟೊಳ್ಳೂ ಅಲ್ಲ. ಆದರೆ ಸುಮಾರು ನೂರು ವರ್ಷ ಖಾರಿಯ ಅಂಚಿನ ಮಣ್ಣಿಗೆ ಇಳಿದ ರಸ ಕಸದ ಜತೆ ಜರಡಿಗೆ ಏರುವುದಿಲ್ಲ. ಅದು ಕೆಳಗಿನ ಮಣ್ಣಿನಲ್ಲೂ ಅಂತರ್ಜಲದಲ್ಲೂ ಉಳಿದಿರುತ್ತದೆ. ಮಕ್ಕಳು ಒಂದೆರಡು ಗಂಟೆ ಕಳೆದು ಹೋಗುವ ಉದ್ಯಾನಕ್ಕೆ ಮಾಹಿಮ್‌ನಲ್ಲಿ ಹದಿನೇಳು ವರ್ಷ ಕಾದ ನಗರ, ಜನ ಹಗಲಿರುಳು ಬದುಕಬೇಕಾದ ಮನೆಗಳಿಗೆ ದೇವನಾರ್‌ನಲ್ಲಿ ಮೂರು ವರ್ಷ ಸಾಕೆನ್ನುತ್ತಿದೆ. 13ನೇ ಕಾಂಪೌಂಡಿನಲ್ಲಿ ನಗರದ ಪ್ಲಾಸ್ಟಿಕ್ ಆರಿಸಿ ಕಸದ ಗುಡ್ಡಗಳು ಇನ್ನಷ್ಟು ಬೆಳೆಯದಂತೆ ತಡೆದವರಲ್ಲಿ ಕೆಲವರಾದರೂ ಅನರ್ಹರ ಪಟ್ಟಿಗೆ ಸೇರಿ ದೇವನಾರ್‌ಗೆ ಹೋಗಬೇಕಾಗಬಹುದು ಎಂಬುದು ಈ ಲೆಕ್ಕದ ಅತ್ಯಂತ ಅನ್ಯಾಯದ ಸಾಲು.

ಮುಂಬೈಯಲ್ಲೇ ಮೂರನೆಯ ಪ್ರಕರಣವೊಂದಿದೆ, ಅದರ ದಿಕ್ಕು ತಿರುವುಮುರುವು. ಕಾಂಜೂರ್‌ಮಾರ್ಗ್‌ನಲ್ಲಿ ಕಸ ಸಂಸ್ಕರಿಸುವ ಸುಮಾರು 120 ಹೆಕ್ಟೇರ್ ಜಾಗ ಮ್ಯಾಂಗ್ರೋವ್‌ಗಳಿದ್ದ ಸಂರಕ್ಷಿತ ಅರಣ್ಯವೆಂದೂ, ಅದನ್ನು ಅರಣ್ಯದ ಪಟ್ಟಿಯಿಂದ ಕೈಬಿಟ್ಟದ್ದು ಸಿಂಧುವಲ್ಲವೆಂದೂ 2025ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ತೀರ್ಪಿತ್ತಿತು. ನಗರದ ಕಸದ ಬಹುಪಾಲು ಅಲ್ಲಿಗೇ ಹೋಗುತ್ತಿರುವಾಗ ಅದನ್ನು ನಿಲ್ಲಿಸಿದರೆ ಮುಂದೇನೆಂಬ ಪ್ರಶ್ನೆಯೊಂದಿಗೆ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಆಗಸ್ಟ್‌ನಲ್ಲಿ ತೀರ್ಪಿಗೆ ತಡೆ ಬಿತ್ತು. ಒಂದು ಕಸದ ಮೈದಾನ ಕಾಡಾದ ನಗರದಲ್ಲೇ ಇನ್ನೊಂದು ಕಾಡು ಕಸದ ಮೈದಾನವಾಗುತ್ತಿತ್ತು. ಹೊಸ ಕಸ ಕಡಿಮೆಯಾಗದೆ ಹಳೆಯ ಕಸ ತೆಗೆಯುವ ಕೆಲಸ ಎಲ್ಲಿಗೂ ತಲುಪುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕರ್ನಾಟಕದಲ್ಲಿ ಈ ಚರ್ಚೆಯನ್ನು ನಡೆಸುವಾಗ ನೆಲದ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾಹಿಮ್‌ನ ಕಸದ ರಸ ಉಬ್ಬರ ಇಳಿತದ ಖಾರಿಗೆ ಸೇರಿ ಸಮುದ್ರದ ಪಾಲಾಯಿತು. ಅದು ಒಳ್ಳೆಯದೆಂದಲ್ಲ, ಆದರೆ ಯಾರ ಬಾವಿಗೂ ಅದು ನೇರವಾಗಿ ಇಳಿಯಲಿಲ್ಲ. ಬೆಂಗಳೂರು ಇರುವುದು ಪ್ರಸ್ಥಭೂಮಿಯ ಮೇಲೆ. ಇಲ್ಲಿ ಬಿದ್ದ ನೀರು ರಾಜಕಾಲುವೆ ಹಿಡಿದು ಕೆರೆಯಿಂದ ಕೆರೆಗೆ ಹೋಗುತ್ತದೆ, ಇಲ್ಲವೇ ಗ್ರಾನೈಟಿನ ಬಿರುಕುಗಳಲ್ಲಿ ಇಳಿದು ಕೊಳವೆಬಾವಿಗಳಲ್ಲಿ ಏಳುತ್ತದೆ. ನಗರದ ಹೊರವಲಯದ ಮಾವಳ್ಳಿಪುರದಲ್ಲಿ 2012ರಲ್ಲಿ ಕಸ ಸುರಿಯುವುದು ನಿಂತಿತು, ಮಂಡೂರಿನಲ್ಲಿ ಗ್ರಾಮಸ್ಥರ ಹೋರಾಟದ ನಂತರ 2014ರ ಡಿಸೆಂಬರ್ 1ರಂದು ನಿಂತಿತು. ಲಾರಿ ನಿಂತರೂ ಕಸ ಉಳಿಯಿತು. ಆಮೇಲೆ ಮಿಟ್ಟಗಾನಹಳ್ಳಿ ಮುಂತಾದ ಕಡೆ ಕಲ್ಲು ಕ್ವಾರಿಗಳನ್ನೇ ಕಸದ ಗುಂಡಿಗಳನ್ನಾಗಿ ಮಾಡಲಾಯಿತು. ಬಂಡೆ ಸಿಡಿಸಿ ಬಿರುಕು ಬಿಡಿಸಿದ ಗುಂಡಿಗಿಂತ ಕೆಟ್ಟ ಜಾಗವನ್ನು ಅಂತರ್ಜಲದ ದೃಷ್ಟಿಯಿಂದ ಹುಡುಕಿದರೂ ಸಿಗುವುದು ಕಷ್ಟ. ಇಂಥ ಜಾಗಗಳ ಮೇಲೆ ಉದ್ಯಾನ ಬಂದರೆ ಹಸಿರು ಕಣ್ಣಿಗೆ ಕಾಣುತ್ತದೆ, ಆದರೆ ಹಾನಿ ನಡೆಯುತ್ತಿರುವುದು ಕಣ್ಣಿಗೆ ಕಾಣದ ಆಳದಲ್ಲಿ.

ಮಂಗಳೂರಿನ ಪಚ್ಚನಾಡಿಯ ಸಮಸ್ಯೆ ಮತ್ತೊಂದು ಬಗೆಯದು. ಅಲ್ಲಿ ಕಸವನ್ನು ಪೇರಿಸಿದ್ದು ಇಳಿಜಾರಿನ ನೆತ್ತಿಯಲ್ಲಿ. 2019ರ ಆಗಸ್ಟ್‌ನ ಮಳೆಗೆ ಆ ರಾಶಿ ಜಾರಿ ಕೆಳಗಿನ ಮಂದಾರ ಎಂಬ ಊರಿನತ್ತ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು, ಹಲವು ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಪಿಲಿಕುಳ ನಿಸರ್ಗಧಾಮವಿದೆ ಎಂಬುದನ್ನು ನೆನೆದರೆ, ಒಂದು ಊರು ತನ್ನ ನಿಸರ್ಗವನ್ನೂ ತನ್ನ ಕಸವನ್ನೂ ಎಷ್ಟು ಪಕ್ಕಪಕ್ಕದಲ್ಲಿ ಇಡಬಲ್ಲದು ಎಂದು ಆಶ್ಚರ್ಯವಾಗುತ್ತದೆ. ಇಂಥ ಇಳಿಜಾರಿನಲ್ಲಿ ಹೊದಿಕೆ ಹಾಕಿ ಗಿಡ ನೆಡುವುದು ಅಪಾಯಕಾರಿ, ಯಾಕೆಂದರೆ ಹೊದಿಕೆಯ ಕೆಳಗೆ ನೀರು ಸೇರಿದರೆ ಇಡೀ ಪದರವೇ ಮತ್ತೆ ಜಾರಬಲ್ಲದು. ಅಲ್ಲಿ ಅಗೆದು ತೆಗೆಯುವುದೊಂದೇ ದಾರಿ. ಉದ್ಯಾನದ ಮಾತು ಅದಾದ ಮೇಲಿನದು.

ಹೀಗಾಗಿ ಕಸದ ನೆಲದ ಮೇಲೆ ಉದ್ಯಾನ ಮಾಡುತ್ತೇವೆಂದು ಪಾಲಿಕೆಯೊಂದು ಘೋಷಿಸಿದಾಗ ಕೇಳಿ ಪಡೆಯಬೇಕಾದ ಕಾಗದಗಳು ಕೆಲವು ಇವೆ. ಸುತ್ತಲಿನ ಬಾವಿಗಳ ನೀರಿನ ಪರೀಕ್ಷಾ ವರದಿಗಳು ಯೋಜನೆಗೆ ಮೊದಲಿನವೂ ಅನಂತರದವೂ ಬೇಕು. ಜರಡಿಯಿಂದ ಬಂದ ಪುಡಿಮಣ್ಣು ಯಾವ ಸರ್ವೆ ನಂಬರಿಗೆ ಹೋಯಿತೆಂಬ ಸಾಗಣೆ ದಾಖಲೆ ಬೇಕು. ಹದಿನೈದು ವರ್ಷದ ನಿಗಾಕ್ಕೆ ಹಣ ಯಾವ ಲೆಕ್ಕಶೀರ್ಷಿಕೆಯಲ್ಲಿ ಮೀಸಲಾಗಿದೆ ಎಂದು ತಿಳಿಯಬೇಕು, ಏಕೆಂದರೆ ಸಾಮಾನ್ಯವಾಗಿ ಗುತ್ತಿಗೆ ಮುಗಿಯುವುದು ಕಸ ತೆಗೆದ ದಿನಕ್ಕೆ, ನಿಗಾ ಆರಂಭವಾಗಬೇಕಾದದ್ದು ಅಂದಿನಿಂದಲೇ. ಎಲ್ಲಕ್ಕಿಂತ ಮುಖ್ಯವಾಗಿ, ಆ ಸರ್ವೆ ನಂಬರನ್ನು ಉದ್ಯಾನವೆಂದು ನಗರದ ಮಹಾಯೋಜನೆಯಲ್ಲಿ ಗುರುತಿಸಿ, ಬಳಕೆ ಬದಲಿಸಬೇಕಾದರೆ ಸಾರ್ವಜನಿಕ ವಿಚಾರಣೆ ಕಡ್ಡಾಯವೆಂದು ಆದೇಶವಾಗಿರಬೇಕು. ಇಷ್ಟನ್ನೂ ಸಸಿ ನೆಡುವ ಮೊದಲೇ ಬರೆದಿಡುವುದು ಸುಲಭ. ಮರಗಳು ಬೆಳೆದು ನೆಲಕ್ಕೆ ಬೆಲೆ ಏರಿದ ಮೇಲೆ ಅದೇ ಆದೇಶವನ್ನು ಹೊರಡಿಸಲು ಯಾವ ಇಲಾಖೆಯೂ ಮುಂದೆ ಬರುವುದಿಲ್ಲ.